ಪರಂಗಿಮಲೆಯ ಮೊದಲ ಗೆರೆ

ಚೆನ್ನೈ ವಿಮಾನ ನಿಲ್ದಾಣದ ಹತ್ತಿರವಿರುವ ಪರಂಗಿಮಲೆ ಅಂಥ ದೊಡ್ಡ ಬೆಟ್ಟವೇನಲ್ಲ. ಮುನ್ನೂರು ಅಡಿ ಇದ್ದೀತು. ನೂರಮೂವತ್ತು ಚಿಲ್ಲರೆ ಮೆಟ್ಟಿಲು ಹತ್ತಿದರೆ ಪೋರ್ಚುಗೀಸರ ಕಾಲದ ಪುಟ್ಟ ಇಗರ್ಜಿ, ತಣ್ಣನೆಯ ಗಾಳಿ, ಕೆಳಗೆ ಕಣ್ಣು ಹಾಯುವಷ್ಟು ದೂರ ಊರು. ಬಂದವರು ಮೇಣದ ಬತ್ತಿ ಹಚ್ಚಿ, ವಿಮಾನ ಇಳಿಯುವುದನ್ನು ನೋಡಿ ಹಿಂತಿರುಗುತ್ತಾರೆ. ಅಲ್ಲೇ ಇರುವ ವಿಲಿಯಂ ಲ್ಯಾಂಬ್ಟನ್ನನ ಪ್ರತಿಮೆಯ ಮುಂದೆ ನಿಲ್ಲುವವರು ಕಡಿಮೆ. ಹೈಸ್ಕೂಲಿನಲ್ಲಿ ಸೈನ್, ಕಾಸ್ ಉರುಹೊಡೆಯುತ್ತ ‘ಇದರಿಂದ ಯಾರಿಗೇನು ಉಪಯೋಗ’ ಎಂದು ಗೊಣಗಿದವರಂತೂ ನಿಲ್ಲಲೇಬೇಕು.

ಲ್ಯಾಂಬ್ಟನ್ 1799ರ ಶ್ರೀರಂಗಪಟ್ಟಣದ ಯುದ್ಧದಲ್ಲಿದ್ದ ಬ್ರಿಟಿಷ್ ಸೇನಾಧಿಕಾರಿ. ಟಿಪ್ಪು ಮಡಿದ ಮೇಲೆ ಕೈಸೇರಿದ ನೆಲದ ಅಳತೆ ಕುಂಪಣಿಗೇ ಸರಿಯಾಗಿ ತಿಳಿದಿರಲಿಲ್ಲ. ಕಾಡು, ಹೊಳೆ, ಘಟ್ಟಗಳ ಮೇಲೆ ಸರಪಳಿ ಎಳೆಯುವುದು ಆಗದ ಮಾತು. ಆದರೆ ತ್ರಿಕೋನದ ಒಂದು ಬಾಹು, ಅದರ ಎರಡು ತುದಿಯ ಕೋನಗಳು ಗೊತ್ತಿದ್ದರೆ ಉಳಿದೆರಡು ಬಾಹುಗಳನ್ನು ಕುಳಿತಲ್ಲೇ ಲೆಕ್ಕ ಹಾಕಬಹುದು. ಅವು ಮುಂದಿನ ತ್ರಿಕೋನಗಳಿಗೆ ಬುನಾದಿ. ಹೀಗೆ ಬೆಟ್ಟದಿಂದ ಬೆಟ್ಟಕ್ಕೆ ದೇಶವನ್ನೇ ಅಳೆಯಬಹುದು. ಮೊದಲ ಗೆರೆಯನ್ನು ಮಾತ್ರ ನೆಲದ ಮೇಲೆಯೇ ಅಳೆಯಬೇಕು. ಅಲ್ಲಿ ತಪ್ಪಿದರೆ ಮುಂದಿನದೆಲ್ಲ ತಪ್ಪು.

ಆ ಗೆರೆ ಇಲ್ಲಿಂದ ಪೆರುಂಬಾಕ್ಕಂ ಗುಡ್ಡದವರೆಗೆ, ಏಳೂವರೆ ಮೈಲಿ. 1802ರ ಏಪ್ರಿಲ್ 10ರಂದು ಕೆಲಸ ಶುರುವಾಯಿತು. ನೂರಡಿಯ ಉಕ್ಕಿನ ಸರಪಳಿಯನ್ನು ಸುಮಾರು ನಾನೂರು ಸಲ ಹಾಸಬೇಕಾಗಿತ್ತು. ಮದರಾಸಿನ ಬಿಸಿಲಿಗೆ ಉಕ್ಕು ಹಿಗ್ಗುತ್ತದೆ. ಅದಕ್ಕೇ ಸರಪಳಿಯನ್ನು ಮರದ ಪೆಟ್ಟಿಗೆಗಳಲ್ಲಿ ಮಲಗಿಸಿ, ಪಕ್ಕದಲ್ಲಿ ಉಷ್ಣಮಾಪಕ ಇಟ್ಟು, ಪ್ರತಿ ಸಲವೂ ಹಿಗ್ಗಿದ್ದನ್ನು ಲೆಕ್ಕಕ್ಕೆ ಸೇರಿಸಿದರು. ಎರಡೂವರೆ ಗಂಟೆಯ ಕಾಲ್ನಡಿಗೆಯ ದಾರಿಗೆ 57 ದಿನ ಹಿಡಿಯಿತು!

ಕೋನ ಅಳೆಯುವ ಥಿಯೋಡೊಲೈಟ್ ಅರ್ಧ ಟನ್ ತೂಕದ್ದು. ಇಂಗ್ಲೆಂಡಿನಿಂದ ಬರುವಾಗ ಫ್ರೆಂಚರ ಕೈಗೆ ಸಿಕ್ಕಿ, ಮಾರಿಷಸ್ ಕಂಡು, ಅವರ ಸೌಜನ್ಯದಿಂದ ಮದರಾಸು ಸೇರಿದ ಯಂತ್ರ. 1808ರಲ್ಲಿ ತಂಜಾವೂರಿನ ದೊಡ್ಡ ಗುಡಿಯ ಗೋಪುರಕ್ಕೆ ಏರಿಸುವಾಗ ಹಗ್ಗ ತುಂಡಾಗಿ ಗೋಡೆಗೆ ಬಡಿದು ಜಖಂ ಆಯಿತು. ಲ್ಯಾಂಬ್ಟನ್ ಡೇರೆಯೊಳಗೆ ಸೇರಿಕೊಂಡು, ವಾರಗಟ್ಟಲೆ ಕುಳಿತು ತಾನೇ ನೇರ್ಪಡಿಸಿದ. ಅದನ್ನು ಬೆಟ್ಟಬೆಟ್ಟಕ್ಕೂ ಹೊತ್ತ ಕೂಲಿಗಳಿಗೆ ಇಲ್ಲಿ ಪ್ರತಿಮೆಯಿಲ್ಲ. ಈಗ ರಸ್ತೆ ಅಗಲ ಮಾಡುವ ಮುನ್ನ ಸರ್ವೆಯವರು ಮೂರು ಕಾಲಿನ ಮೇಲೆ ನಿಲ್ಲಿಸುವ ಟೋಟಲ್ ಸ್ಟೇಷನ್ನನ್ನು ಒಬ್ಬನೇ ಹೊರುತ್ತಾನೆ. ಅದರ ಹೊಟ್ಟೆಯಲ್ಲೂ ಸೈನ್, ಕಾಸ್‌ಗಳೇ.

ತ್ರಿಕೋನಗಳು ಪಶ್ಚಿಮಕ್ಕೆ ಸಾಗಿ ಬೆಂಗಳೂರು ಮುಟ್ಟಿದವು. ಲೆಕ್ಕ ಸರಿಯೇ ಎಂದು ನೋಡಲು 1804ರಲ್ಲಿ ಅಲ್ಲಿ ಇನ್ನೊಂದು ಗೆರೆಯನ್ನು ನೆಲದ ಮೇಲೆ ಅಳೆದರು. ಏಳು ಮೈಲಿಗೂ ಮೀರಿದ ಆ ಗೆರೆಯಲ್ಲಿ ಲೆಕ್ಕಕ್ಕೂ ನೆಲಕ್ಕೂ ಬಂದ ವ್ಯತ್ಯಾಸ ನಾಲ್ಕು ಇಂಚು ಮೀರಲಿಲ್ಲ. ಅಲ್ಲಿಂದ ಘಟ್ಟ ದಾಟಿ ಮಂಗಳೂರಿನ ಕಡಲು ಕಂಡಾಗ ಇನ್ನೊಂದು ಸಂಗತಿ ಹೊರಬಿತ್ತು. ಮದರಾಸಿನಿಂದ ಮಂಗಳೂರಿಗೆ ನೇರ ದೂರ ನಾನೂರು ಮೈಲಿ ಎಂದು ನಂಬಿದ್ದರು. ಇದ್ದದ್ದು 360. ಕಂದಾಯದ ಕನಸು ಕಂಡಿದ್ದವರಿಗೆ ರುಚಿಸಿತೋ ಇಲ್ಲವೋ, ನಲವತ್ತು ಮೈಲಿ ನೆಲ ನಕ್ಷೆಯಿಂದ ಮಾಯವಾಯಿತು.