ಗೋಡೆ ಹಾಡುವ ಊರು

ಪರದೇಶಕ್ಕೆ ಹಾಡಲು ಹೊರಟ ಕ್ವಾಯರಿನ ಸಾಮಾನಿಗೆ ತೂಕ ಕಡಿಮೆ, ಚಿಂತೆ ಜಾಸ್ತಿ. ತಬಲಾದವರು ತಬಲಾ ಒಯ್ಯುತ್ತಾರೆ, ಯಕ್ಷಗಾನದವರು ಕಿರೀಟದ ಪೆಟ್ಟಿಗೆ ಒಯ್ಯುತ್ತಾರೆ. ಹಾಡುವವರ ವಾದ್ಯ ಗಂಟಲಲ್ಲೇ ಕೂತು ಟಿಕೆಟಿಲ್ಲದೆ ಬರುತ್ತದೆ. ಅದಕ್ಕೆ ಹತ್ತಿ ಸುತ್ತುವಂತಿಲ್ಲ, ಒಡೆಯುವ ವಸ್ತು ಎಂದು ಚೀಟಿ ಅಂಟಿಸುವಂತಿಲ್ಲ. ಮಂಗಳೂರಿನಿಂದ ಬಾಸೆಲ್‌ಗೆ ಸೇವೆಗೆಂದು ಹೊರಟ ನಮ್ಮ ತಂಡಕ್ಕೆ ಮಾಸ್ಟ್ರು ಮೊದಲೇ ಪಥ್ಯ ವಿಧಿಸಿದ್ದರು: ಐಸ್‌ಕ್ರೀಮ್ ಇಲ್ಲ, ಕರಿದದ್ದು ಇಲ್ಲ, ವಿಮಾನದಲ್ಲಿ ಹರಟೆ ಇಲ್ಲ. ಮೊದಲಿನ ಎರಡನ್ನು ಕಷ್ಟಪಟ್ಟು ಪಾಲಿಸಿದೆವು. ಮೂರನೆಯದು ಮುಂಬಯಿ ದಾಟುವ ಮೊದಲೇ ಮುರಿಯಿತು.

ವಿಮಾನದೊಳಗಿನ ಗಾಳಿ ಬಲು ಒಣ. ಕರಾವಳಿಯ ಬೆವರು ಹವೆಗೆ ಒಗ್ಗಿದ ಗಂಟಲಿಗೆ ಅದು ಶಿಕ್ಷೆಯೇ ಸರಿ. ರಾತ್ರಿಯಿಡೀ ಅದನ್ನೇ ಉಸಿರಾಡಿ, ಕುತ್ತಿಗೆ ಸೊಟ್ಟ ಮಾಡಿಕೊಂಡು ತೂಕಡಿಸಿ, ಬೆಳಿಗ್ಗೆ ಜ್ಯೂರಿಕ್‌ನಲ್ಲಿ ಇಳಿದಾಗ ನಮ್ಮ ಸೊಪ್ರಾನೊದ ಅಕ್ಕಂದಿರು ಆಲ್ಟೊ ಆಗಿದ್ದರು. ಆಲ್ಟೊದವರು ಟೆನರ್ ಆಗಿದ್ದರು. ಟೆನರ್‌ನವರು ಕರೆಯದೆಯೇ ನಮ್ಮ ಬೇಸ್ ಸಾಲಿಗೆ ಬಂದು ಸೇರಿದ್ದರು. ಬೇಸ್‌ನವರಾದ ನಾವು ಎಲ್ಲಿಯವರೆಗೆ ಇಳಿದಿದ್ದೆವು ಎಂದು ಕೇಳಬೇಡಿ.

ಇಳಿದ ಊರಿಗೆ ಅದು ಒಪ್ಪುವಂತೆಯೇ ಇತ್ತು. ಧರ್ಮಸುಧಾರಣೆಯ ಕಾಲದಲ್ಲಿ ಜ್ಯೂರಿಕ್‌ನ ಉಲ್ರಿಚ್ ಝ್ವಿಂಗ್ಲಿ ಆರಾಧನೆಯಿಂದ ಹಾಡನ್ನೇ ಹೊರಗಿಟ್ಟ. ಸಂಗೀತ ಬಾರದೆ ಹಾಗೆ ಮಾಡಿದನೆನ್ನುವಂತಿಲ್ಲ, ಹಲವು ವಾದ್ಯ ನುಡಿಸಬಲ್ಲವನು. ಅದರ ಮೋಹ ಎಷ್ಟೆಂದು ಬಲ್ಲವನಾದ್ದರಿಂದಲೇ ಹೆದರಿದನೋ ಏನೋ. 1598ರವರೆಗೆ ಅಲ್ಲಿಯ ಚರ್ಚುಗಳಲ್ಲಿ ಸಭೆ ಬಾಯಿಬಿಟ್ಟು ಹಾಡಲಿಲ್ಲ. ರೈಲಿನಲ್ಲಿ ಗಂಟೆ ಚಿಲ್ಲರೆ ದೂರದ ಬಾಸೆಲ್‌ನ ಜನ ಮಾತ್ರ 1526ರಲ್ಲೇ ಚರ್ಚಿನೊಳಗೆ ತಮ್ಮ ಜರ್ಮನ್ ಮಾತಿನಲ್ಲಿ ಕೀರ್ತನೆ ಎತ್ತಿಕೊಂಡಿದ್ದರು. ನಮ್ಮ ಗಂಟಲುಗಳೂ ಚರಿತ್ರೆಗೆ ವಿಧೇಯವಾಗಿ ಜ್ಯೂರಿಕ್‌ನಲ್ಲಿ ಮೌನವಾಗಿದ್ದು, ಬಾಸೆಲ್ ಹತ್ತಿರವಾದಂತೆ ಒಂದೊಂದಾಗಿ ಕೆಮ್ಮಿ ಎದ್ದವು.

ಮಂಗಳೂರಿನ ಮಕ್ಕಳಿಗೆ ಬಾಸೆಲ್ ಎಂಬ ಹೆಸರು ಭೂಪಟದಿಂದ ಬಂದದ್ದಲ್ಲ. ಹಂಚು, ಶಾಲೆ, ಅಚ್ಚುಕೂಟ, ಇವುಗಳ ಬೆನ್ನಿಗೆ ಅಂಟಿಕೊಂಡು ಬಂದದ್ದು. ಬಾಸೆಲ್ ಮಿಶನ್‌ನವರು ನಮ್ಮ ಕರಾವಳಿಗೆ ಬಂದದ್ದು 1834ರಲ್ಲಿ. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ ಮೊಗ್ಲಿಂಗ್, 1894ರಲ್ಲಿ ನಿಘಂಟು ಮುಗಿಸಿಕೊಟ್ಟ ಕಿಟ್ಟೆಲ್, ಇಬ್ಬರನ್ನೂ ಕಳಿಸಿದ್ದು ಈ ಊರಿನ ಮಿಶನ್ನೇ. ಅವರ ಜೊತೆ ಹಡಗಿನಲ್ಲಿ ರಾಗಗಳೂ ಬಂದವು. ಜರ್ಮನ್ ಪದ ಕಳಚಿ ಕನ್ನಡ ಪದ ತೊಟ್ಟ ಆ ರಾಗಗಳನ್ನು ಮನೆಯಲ್ಲಿ ತುಳು, ಚರ್ಚಿನಲ್ಲಿ ಕನ್ನಡ ಎಂಬ ನಮ್ಮ ಜನ ತಲೆಮಾರುಗಳಿಂದ ಹಾಡಿಕೊಂಡು ಬಂದಿದ್ದಾರೆ. ಈಗ ಅವನ್ನೇ ಹೊತ್ತು ಇಲ್ಲಿಗೆ ಬಂದಿದ್ದೆವು.

ನಿಲ್ದಾಣದಲ್ಲಿ ನಮ್ಮನ್ನು ಇಬ್ಬಿಬ್ಬರಂತೆ ಮನೆಗಳಿಗೆ ಹಂಚಿದರು. ನನಗೂ ಟೆನರ್‌ನ ಒಬ್ಬ ಹುಡುಗನಿಗೂ ಸಿಕ್ಕಿದ್ದು ಒಬ್ಬ ಅಜ್ಜಿಯ ಮನೆ. ಮೇಜಿನ ಮೇಲೆ ಬೆಣ್ಣೆ, ಚೀಸ್, ಚೆರಿಹಣ್ಣಿನ ಜಾಮ್, ನಡುವೆ ಕಂದು ಬಣ್ಣದ ಒಂದು ದೊಡ್ಡ ಬ್ರೆಡ್. ನಾನು ಬ್ರೆಡ್ ಎಂದರೆ ಜ್ವರ ಬಂದಾಗ ಚಹಾದಲ್ಲಿ ಅದ್ದಿ ತಿನ್ನುವ ಪದಾರ್ಥವೆಂದು ನಂಬಿ ಬೆಳೆದವನು. ಇದರ ಹೊರಮೈ ಕಚ್ಚಿದರೆ ಸದ್ದಾಗುತ್ತದೆ, ಒಳಗೆ ಸಣ್ಣಗೆ ಹುಳಿ ಇದೆ, ದವಡೆಗೆ ಪೂರಾ ಕೆಲಸ ಕೊಡುತ್ತದೆ. ಕಾಫಿಯ ಜೊತೆ ಲೆಕ್ಕರ್ಲಿ ಬಂತು: ಜೇನು, ಬಾದಾಮಿ, ಪಾಕದಲ್ಲಿ ಹಾಕಿದ ಕಿತ್ತಳೆ ಸಿಪ್ಪೆ, ಲವಂಗ, ದಾಲ್ಚಿನ್ನಿ ಸೇರಿದ, ಹಲ್ಲಿಗೆ ಸವಾಲು ಹಾಕುವ ಬಿಸ್ಕತ್ತು. ಬಾಯಲ್ಲಿಟ್ಟು ಸುಮ್ಮನೆ ಕಾದರೆ ಒಂದೊಂದೇ ರುಚಿ ಬಿಟ್ಟುಕೊಡುತ್ತದೆ. ‘ಸೇವೆ ಮಾಡಲು ಬಂದವರು ನಾವು, ಬೆಳಿಗ್ಗೆಯಿಂದ ಮಾಡಿಸಿಕೊಳ್ಳುವುದೇ ಆಯ್ತಲ್ಲ ಅಣ್ಣ’ ಎಂದ ಹುಡುಗ, ಮತ್ತೊಂದಕ್ಕೆ ಕೈ ಹಾಕುತ್ತ.

ಮಧ್ಯಾಹ್ನ ರೈನ್ ನದಿಯ ದಡಕ್ಕೆ ಕರೆದೊಯ್ದರು. ಬೇಸಿಗೆ. ಕಚೇರಿ ಮುಗಿಸಿದವರು ಬಟ್ಟೆಬರೆಯನ್ನು ನೀರು ಹೋಗದ ಚೀಲದಲ್ಲಿ ಕಟ್ಟಿ, ಆ ಚೀಲವನ್ನೇ ತಬ್ಬಿಕೊಂಡು ಹರಿವಿನಲ್ಲಿ ಮನೆ ಕಡೆ ತೇಲಿ ಹೋಗುತ್ತಿದ್ದರು. ನದಿ ದಾಟಿಸುವ ದೋಣಿಗೆ ಇಂಜಿನ್ ಇಲ್ಲ. ಮೇಲೆ ಕಟ್ಟಿದ ಉಕ್ಕಿನ ಹಗ್ಗಕ್ಕೆ ಜೋತುಬಿದ್ದು, ನೀರಿನ ಒತ್ತಡದಿಂದಲೇ ಆಚೆ ದಡ ಸೇರುತ್ತದೆ. ನೇತ್ರಾವತಿಯ ಮಕ್ಕಳಾದ ನಮ್ಮವರಲ್ಲಿ ಕೆಲವರು ಪ್ಯಾಂಟ್ ಮಡಚತೊಡಗಿದ್ದನ್ನು ಕಂಡು ಮಾಸ್ಟ್ರು, ‘ಯಾರೂ ನೀರಿಗಿಳಿಯಬಾರದು ಮಾರಾಯ್ರೇ, ಗಂಟಲು!’ ಎಂದು ಕೂಗಿದರು. ಅವರ ಗಂಟಲೇ ಒಡೆಯಿತು.

ದೋಣಿಯಲ್ಲಿ ಕೇಳಿದ ಒಂದು ಸಂಗತಿ ನನಗೆ ಬಹಳ ಹಿಡಿಸಿತು. 1798ರವರೆಗೆ ಬಾಸೆಲ್‌ನ ಗಡಿಯಾರಗಳು ಸುತ್ತಣ ಊರುಗಳಿಗಿಂತ ಒಂದು ಗಂಟೆ ಮುಂದಿದ್ದವಂತೆ. ನಮ್ಮ ಹೊಟ್ಟೆಯ ಗಡಿಯಾರವೂ ಆಗ ಮೂರೂವರೆ ಗಂಟೆ ಮುಂದೆಯೇ ಇತ್ತು, ರಾತ್ರಿಯೂಟಕ್ಕೆ ಆಗಲೇ ಗಂಟೆ ಬಾರಿಸುತ್ತಿತ್ತು.

ಅಭ್ಯಾಸಕ್ಕೆಂದು ಕಲ್ಲಿನ ಚರ್ಚೊಂದಕ್ಕೆ ಹೋದಾಗ ಸಂಜೆ ಬಿಸಿಲು ಇನ್ನೂ ಇತ್ತು. ಎತ್ತಿಕೊಂಡದ್ದು ಶುಭ ಶುಕ್ರವಾರದ ರಾಗ. ಅದರದೂ ದೊಡ್ಡ ಪ್ರಯಾಣವೇ. ಹಾನ್ಸ್ ಲಿಯೋ ಹಾಸ್ಲರ್ 1601ರಲ್ಲಿ ಅಚ್ಚು ಮಾಡಿಸಿದಾಗ ಅದೊಂದು ಪ್ರೇಮಗೀತೆ. ಆಮೇಲೆ ಪಾಲ್ ಗೆರ್ಹಾರ್ಟ್ ಬರೆದ, ಮುಳ್ಳಿನ ಕಿರೀಟ ತೊಟ್ಟ ಯೇಸುವಿನ ಹಾಡಿಗೆ ಜೊತೆಯಾಯಿತು. ಬಾಖ್ ಅದನ್ನು ಮತ್ತಾಯನ ಸುವಾರ್ತೆಯ ಯಾತನಾಗಾಯನದಲ್ಲಿ ಮತ್ತೆಮತ್ತೆ ತಂದ. ನಮ್ಮ ಪಾಲಿಗೆ ಕನ್ನಡದ್ದಾಯಿತು.

ಊರಿನಲ್ಲಿ ಈ ಹಾಡು ಹಾಡುವಾಗಲೆಲ್ಲ ಮಾಸ್ಟ್ರಿಗೆ ಸಿಟ್ಟು. ಪ್ರತಿ ಸಾಲಿನ ಕೊನೆಯನ್ನು ನಮ್ಮ ಸಭೆ ಬಿಡುವುದೇ ಇಲ್ಲ. ‘ಕೈರಂಪಣಿ ಬಲೆ ಎಳೆದ ಹಾಗೆ ಎಳೆಯಬೇಡಿ!’ ಎಂದು ಅವರು ಗದರಿದಷ್ಟೂ ಹಿಂದಿನ ಬೆಂಚಿನ ಅಜ್ಜಿಯಂದಿರು ಇನ್ನೊಂದು ಮಾರು ಎಳೆಯುತ್ತಾರೆ. ಇಲ್ಲಿ ಅಜ್ಜಿಯಂದಿರಿಲ್ಲ. ಮೊದಲ ಸಾಲು ಮುಗಿಯಿತು, ಮಾಸ್ಟ್ರು ಕೈ ಇಳಿಸಿದರು, ನಾವು ನಿಲ್ಲಿಸಿದೆವು. ಹಾಡು ನಿಲ್ಲಲಿಲ್ಲ. ನಮ್ಮ ಸ್ವರ ಕಮಾನಿನಿಂದ ಕಮಾನಿಗೆ ಹತ್ತಿ, ಚಾವಣಿ ಮುಟ್ಟಿ, ಇನ್ನಷ್ಟು ದುಂಡಗಾಗಿ ಕೆಳಗೆ ಬಂತು. ಒಣಗಿದ ಗಂಟಲು, ಒಡಕು ಟೆನರ್ ಎಲ್ಲವನ್ನೂ ಕಲ್ಲು ನಯ ಮಾಡಿ ಹಿಂದಿರುಗಿಸಿತ್ತು. ಎರಡನೆಯ ಸಾಲಿಗೆ ಆತುರಪಟ್ಟರೆ ಮೊದಲನೆಯದರ ಬಾಲ ತುಳಿದಂತಾಗುತ್ತಿತ್ತು. ಕಾಯಲೇಬೇಕು.

ಆ ಕಾಯುವಿಕೆಯಲ್ಲಿ ನನಗೊಂದು ಯೋಚನೆ ಬಂತು. ಇಂಥ ಕಲ್ಲಿನ ಚರ್ಚುಗಳಲ್ಲಿ ಹಾಡಿ ಬೆಳೆದವರು ಮಂಗಳೂರಿಗೆ ಬಂದು, ಹಂಚಿನ ಮಾಡು, ತೆರೆದ ಕಿಟಕಿಗಳ ಕೆಳಗೆ ನಿಂತು ಹಾಡಿರಬೇಕು. ಅಲ್ಲಿ ಸ್ವರ ಕಿಟಕಿಯಿಂದ ಹೊರಬಿದ್ದು ಕಾಗೆಗಳ ಜೊತೆ ಸೇರಿಬಿಡುತ್ತದೆ, ತಿರುಗಿ ಬರುವುದಿಲ್ಲ. ಆದರೂ ಅವರು ಅಭ್ಯಾಸಬಲದಿಂದ ಪ್ರತಿ ಸಾಲಿನ ಕೊನೆಗೆ ಗೋಡೆಗಾಗಿ ಕಾದಿರಬೇಕು. ಕಲಿತ ನಮ್ಮವರು ರಾಗದ ಜೊತೆ ಆ ಬಿಡುವನ್ನೂ ಕಲಿತು, ಖಾಲಿ ಬಿಡಲು ಮನಸ್ಸಾಗದೆ ತಮ್ಮ ಉಸಿರಿನಿಂದಲೇ ತುಂಬಿದರೇನೋ. ಇದು ಬರೀ ನನ್ನ ಊಹೆ. ಸಾಕ್ಷಿ ಕೇಳಿದರೆ ಹಿಂದಿನ ಬೆಂಚನ್ನು ತೋರಿಸಬಲ್ಲೆ, ಅಷ್ಟೇ.

ಅಭ್ಯಾಸ ಮುಗಿದು ಪುಸ್ತಕ ಮಡಚುವಾಗ ಇದನ್ನೇ ಮಾಸ್ಟ್ರ ಕಿವಿಗೆ ಹಾಕಿದೆ. ಅವರು ಚಾವಣಿಯನ್ನೊಮ್ಮೆ ನೋಡಿದರು. ಪಕ್ಕದಲ್ಲಿದ್ದ ಹಿರಿಯ ಸೊಪ್ರಾನೊ ಅಕ್ಕ ಸಂದರ್ಭ ಬಿಡುವವರಲ್ಲ. ‘ಹಾಗಾದ್ರೆ ಊರಲ್ಲಿ ಇನ್ನು ಎಳೀಬಹುದಾ ಮಾಸ್ಟ್ರೇ?’

‘ಊರಲ್ಲಿ ಗೋಡೆ ಎಳೆಯುವುದಿಲ್ಲ, ನೀವೇ ಎಳೀರಿ’ ಎಂದರು ಮಾಸ್ಟ್ರು. ‘ಇಲ್ಲಿ ಮಾತ್ರ ಗೋಡೆಗೆ ಬಿಟ್ಟುಬಿಡಿ.’