ಕಾಣಿಕೆಯ ಚೀಲ

ದೇವರಿಗೆ ಹಣದ ಅಪೇಕ್ಷೆಯಿಲ್ಲವೆಂಬುದನ್ನು ಒಪ್ಪದ ಮತವು ಯಾವುದೂ ಇಲ್ಲ. ಹಣವನ್ನು ಬೇಡದ ದೇವಸ್ಥಾನವೂ ಕಾಣಬರುವುದಿಲ್ಲ. ಈ ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನಗುವವರು ಎಲ್ಲ ಕಾಲದಲ್ಲಿಯೂ ಇದ್ದಾರೆ. ಅವರ ನಗೆಗೆ ಉತ್ತರವನ್ನು ಶಾಸ್ತ್ರಗ್ರಂಥಗಳಲ್ಲಿ ಹುಡುಕುವುದಕ್ಕಿಂತ, ಕೊಡುವವರ ಮನೆಯ ಜಗಲಿಯಲ್ಲಿ ಸ್ವಲ್ಪ ಹೊತ್ತು ಕುಳಿತು ನೋಡುವುದು ಲೇಸು. ಮಲೆನಾಡಿನ ಕಾಫಿ ತೋಟಗಳ ನಡುವಣ ಕ್ರೈಸ್ತ ಕುಟುಂಬಗಳು ಇದಕ್ಕೆ ತಕ್ಕ ನಿದರ್ಶನವಾಗಬಲ್ಲುವು.

ಜಾವಳಿಯು ಹೇಮಾವತೀ ನದಿಯು ಹುಟ್ಟುವ ಸ್ಥಳ. ಬಲ್ಲಾಳರಾಯನ ದುರ್ಗವು ಅದಕ್ಕೆ ಸಮೀಪ. ಪಡುವಣಕ್ಕೆ ಘಟ್ಟವನ್ನಿಳಿದರೆ ದಕ್ಷಿಣ ಕನ್ನಡ. ಮೂಡಿಗೆರೆ, ಬಣಕಲ್ ಕಡೆಯ ರೋಮನ್ ಕೆಥೋಲಿಕರಲ್ಲಿ ಬಹುಮಂದಿಯ ಹಿರಿಯರು ಆ ಘಟ್ಟದ ಕೆಳಗಿನಿಂದ ಚಾರ್ಮಾಡಿಯ ದಾರಿ ಹಿಡಿದು ಬಂದವರೇ. ಮರಗೆಲಸಕ್ಕೆಂದು ಬಂದವರು ಕೆಲವರು, ಆಳುಗಳನ್ನು ಕೂಡಿಕೊಂಡು ಮೇಸ್ತ್ರಿಗಳಾಗಿ ಬಂದವರು ಕೆಲವರು, ದೊರೆಗಳ ತೋಟದಲ್ಲಿ ರೈಟರಾಗಿ ಲೆಕ್ಕ ಬರೆದವರು ಮತ್ತೆ ಕೆಲವರು. ಮನೆಯೊಳಗೆ ಕೊಂಕಣಿ, ಸಂತೆಯಲ್ಲಿ ಕನ್ನಡ. ಕಾಲಕ್ರಮದಲ್ಲಿ ಸ್ವಂತ ತೋಟ ಮಾಡಿದವರುಂಟು. ಲೈನು ಮನೆಗಳಲ್ಲಿಯೇ ತಲೆಮಾರು ಕಳೆದವರೂ ಉಂಟು. ಮೊದಲು ಮೈಸೂರು ಧರ್ಮಪ್ರಾಂತಕ್ಕೆ ಸೇರಿದ್ದ ಈ ಸೀಮೆಗೆ 1963ರಲ್ಲಿ ಚಿಕ್ಕಮಗಳೂರೇ ಧರ್ಮಪ್ರಾಂತವಾಯಿತು.

ಧರ್ಮಕೇಂದ್ರವನ್ನು ವಾರ್ಡುಗಳಾಗಿ ವಿಂಗಡಿಸಿ, ಒಂದೊಂದಕ್ಕೆ ಒಬ್ಬ ಗುರಿಕಾರನನ್ನು ನೇಮಿಸುವುದು ಕರಾವಳಿಯಿಂದ ಬಂದ ರೂಢಿ. ಅಂಥ ಗುರಿಕಾರನೊಬ್ಬನನ್ನು ವಾಚಕರು ಮನಸ್ಸಿಗೆ ತಂದುಕೊಳ್ಳಬಹುದು: ವಯಸ್ಸು ಅರುವತ್ತರ ಮೇಲೆ, ಕಂಕುಳಲ್ಲಿ ಕೊಡೆ, ಜೇಬಿನಲ್ಲಿ ಉದ್ದನೆಯ ಲೆಕ್ಕದ ಪುಸ್ತಕ. ಅವನು ವಂತಿಗೆಗೆಂದು ಹೊರಡುವ ಕಾಲವನ್ನು ಪಂಚಾಂಗವು ಹೇಳುವುದಿಲ್ಲ, ಕಾಫಿಯ ಗಿಡವು ಹೇಳುತ್ತದೆ. ಅರೇಬಿಕಾ ಹಣ್ಣು ಕೊಯ್ದು, ರೋಬಸ್ಟಾ ಕಣದಲ್ಲಿ ಒಣಗಿ, ವ್ಯಾಪಾರಿಯ ಲಾರಿ ಬಂದು ಹೋದಮೇಲೆ ಒಂದು ಸಲ ಮನೆಗೆ ಹಣ ಬಂದರೆ, ಅದು ವರ್ಷದ ಹಣ. ಕಾಫಿಯೆಲ್ಲವೂ ಕಾಫಿ ಮಂಡಲಿಯ ಪೂಲಿಗೆ ಸೇರುತ್ತಿದ್ದ ದಿನಗಳಲ್ಲಿ ಹಣವು ಕಂತುಕಂತಾಗಿ ಬರುತ್ತಿತ್ತಾಗಿ, ಇಗರ್ಜಿಯ ವಂತಿಗೆಯೂ ಕಂತನ್ನು ಕಾಯಬೇಕಾಗಿತ್ತು. 1996ರ ಹೊತ್ತಿಗೆ ಆ ಕಟ್ಟು ಪೂರ್ತಿಯಾಗಿ ಸಡಿಲಿತು. ಈಗ ಬೆಲೆ ಏರಿದ ವರ್ಷ ಗುರಿಕಾರನಿಗೆ ಕಾಫಿಯೊಡನೆ ತಿಂಡಿಯೂ ದೊರೆಯುತ್ತದೆ. ಹೂಮಳೆ ತಪ್ಪಿದ ವರ್ಷ ಬರಿಯ ಕಾಫಿ. ಕೂಲಿಯವರ ಮಾತು ಬೇರೆ. ಅವರಿಗೆ ಬಟವಾಡೆ ವಾರಕ್ಕೊಮ್ಮೆ. ಸಂತೆಯ ಸಾಮಾನಿಗೆ ಕಳೆದು ಉಳಿದುದರಲ್ಲಿ ಭಾನುವಾರದ ಪೂಜೆಯ ಚೀಲಕ್ಕೆ ಒಂದು ನೋಟೋ ನಾಣ್ಯವೋ ಬೀಳಬೇಕು. ತೋಟಗಾರನು ಒಂದು ಸಲ ಯೋಚಿಸಿ ಕೊಡುವುದನ್ನು ಆಳುಮಗಳು ವರ್ಷಕ್ಕೆ ಐವತ್ತೆರಡು ಸಲ ಯೋಚಿಸಿ ಕೊಡುತ್ತಾಳೆ.

ಏಕೆ ಕೊಡುತ್ತೀರಿ ಎಂದು ಇವರನ್ನು ಕೇಳಿದರೆ ಬರುವ ಉತ್ತರವು ಬಲು ಚಿಕ್ಕದು: ಕೊಡಬೇಕಲ್ಲ. ಧರ್ಮಸಭೆಯ ಅವಶ್ಯಕತೆಗಳಿಗೆ ನೆರವಾಗುವುದು ವಿಶ್ವಾಸಿಗಳ ಕರ್ತವ್ಯವೆಂದು ಕೆಥೋಲಿಕ ಧರ್ಮಸಭೆಯ 1983ರ ಸಂಹಿತೆಯು 222ನೆಯ ವಿಧಿಯಲ್ಲಿ ಹೇಳಿರುವುದೇನೋ ದಿಟ. ಆದರೆ ಆ ವಿಧಿಯನ್ನು ಓದಿಕೊಂಡು ಯಾರೂ ಜೇಬಿಗೆ ಕೈ ಹಾಕುವುದಿಲ್ಲ. ‘ಕೊಡಬೇಕಲ್ಲ’ ಎಂಬುದರ ಒಳಗೆ ಹಲವು ಪದರಗಳಿವೆ. ಪುರೋಹಿತನ ಊಟ, ದೀಪದ ಎಣ್ಣೆ, ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುವ ಖರ್ಚು, ಉಪದೇಶಿಯ ಸಂಬಳ ಇವು ಹೊರಪದರ. ಮಗುವಿಗೆ ಜ್ವರ ಇಳಿದುದಕ್ಕೆ ಹೊತ್ತ ಹರಕೆ, ಗತಿಸಿದ ತಂದೆಯ ಹೆಸರಿನಲ್ಲಿ ಮಾಡಿಸುವ ಪೂಜೆ ಇವು ಅದರ ಒಳಗಿನವು. ಎಲ್ಲಕ್ಕಿಂತ ಒಳಗೆ ಇರುವುದನ್ನು ಲೈನು ಮನೆಯವರ ಬದುಕನ್ನು ನೋಡಿದವರು ಮಾತ್ರ ಬಲ್ಲರು. ಅವರು ವಾಸವಾಗಿರುವ ಮನೆಯು ತೋಟದವರದು. ಮನೆಯ ಹಿಂದಣ ಬಾಳೆಗಿಡವೂ ಗೋಡೆಯ ಸುಣ್ಣವೂ ತೋಟದವರವೇ. ತೋಟವು ಕೈ ಬದಲಾಯಿಸಿದರೆ ಅವರ ವಿಳಾಸವೂ ಬದಲಾಗಬಹುದು. ನಮ್ಮದು ಎಂದು ನೆಟ್ಟಗೆ ನಿಂತು ಹೇಳಬಹುದಾದ ನೆಲವು ಅವರಿಗೆ ಇಗರ್ಜಿಯ ಅಂಗಳದಲ್ಲಿ ಮಾತ್ರ ಉಂಟು, ಅದರ ಪಕ್ಕದ ಸಮಾಧಿಭೂಮಿಯಲ್ಲಿ ಉಂಟು. ಗುರಿಕಾರನ ಪುಸ್ತಕದಲ್ಲಿ ಹೆಸರು ಇರುವುದೆಂದರೆ ಆ ನೆಲದಲ್ಲಿ ಪಾಲು ಇರುವುದೆಂದೇ ಅವರು ಬಗೆದಿದ್ದಾರೆ. ಹಾಗೆ ಬಗೆದುದು ತಪ್ಪೆಂದು ಹೇಳುವ ಎದೆ ಯಾರಿಗಿದೆ?

ಈ ನಾಡಿನ ಇತರರಿಗೆ ಇದು ಹೊಸ ಮಾತೇನೂ ಅಲ್ಲ. ಊರ ದೇವರ ತೇರಿಗೆ ಮನೆವಾರು ವಂತಿಗೆ ಎತ್ತುವುದೂ, ಶರಣರ ದಾಸೋಹವೂ, ಮುಸಲ್ಮಾನರ ಜಕಾತೂ ಒಂದೇ ಬಾವಿಯ ನೀರು. ಆದರೆ ಅನೇಕ ದೇವಸ್ಥಾನಗಳಿಗೆ ಅರಸರು ಬಿಟ್ಟ ಉಂಬಳಿ, ಸರ್ಕಾರದ ತಸ್ತೀಕು ಎಂಬ ಆಸರೆಯಿತ್ತು. ಜರ್ಮನಿಯಲ್ಲಿ ಇಂದಿಗೂ ಸರ್ಕಾರವೇ ಸಭಾಸದರಿಂದ ವರಮಾನ ತೆರಿಗೆಯ ನೂರಕ್ಕೆ 8 ಅಥವಾ 9ರಷ್ಟನ್ನು ವಸೂಲು ಮಾಡಿ ಸಭೆಗಳಿಗೆ ಕೊಡುತ್ತದೆ. ಮಲೆನಾಡಿನ ಇಗರ್ಜಿಗೆ ಉಂಬಳಿಯೂ ಇಲ್ಲ, ತೆರಿಗೆಯೂ ಇಲ್ಲ. ಇರುವುದು ಗುರಿಕಾರನ ಕಾಲು.

ಮೊದಲಲ್ಲಿ ಮಾತ್ರ ಬೇರೊಂದು ಆಸರೆಯಿತ್ತು. ಅದರ ಕಥೆಯು ಕೇಳತಕ್ಕದ್ದು. ಫ್ರಾನ್ಸಿನ ಲಿಯೋನ್ ನಗರದಲ್ಲಿ ಪೋಲೀನ್ ಝಾರಿಕೋ ಎಂಬ ತರುಣಿಯು ರೇಷ್ಮೆ ಕಾರ್ಖಾನೆಯ ಹೆಣ್ಣಾಳುಗಳನ್ನು ಹತ್ತು ಹತ್ತು ಮಂದಿಯ ಗುಂಪುಗಳಾಗಿ ಕೂಡಿಸಿ, ವಾರಕ್ಕೆ ಒಂದು ಸೂ, ಎಂದರೆ ಅಲ್ಲಿಯ ಬಿಡಿಕಾಸು, ಎತ್ತುವ ಕ್ರಮವನ್ನು ಹೂಡಿದಳು. ಅದರಿಂದಲೇ 1822ರಲ್ಲಿ ಧರ್ಮಪ್ರಸಾರದ ಸಂಘವು ಹುಟ್ಟಿತು. ಮೈಸೂರು ಸೀಮೆಯಲ್ಲಿ ಕೆಲಸ ಮಾಡಿದ ಫ್ರೆಂಚ್ ಪಾದ್ರಿಗಳಿಗೆ ಬರುತ್ತಿದ್ದ ನೆರವಿನಲ್ಲಿ ಈ ಕಾಸುಗಳೂ ಇದ್ದುವು. ಕಾಫಿ ಬಿಡಿಸುವ ಹೆಂಗಸಿನ ದೇವರ ಗುಡಿಗೆ ರೇಷ್ಮೆ ಬಿಚ್ಚುವ ಹೆಂಗಸು ಕಾಸು ಕೊಟ್ಟಳು. ಇಬ್ಬರೂ ಒಬ್ಬರನ್ನೊಬ್ಬರು ಕಂಡವರಲ್ಲ. ಆ ಕಾಲವು ಕಳೆಯಿತು. ವಿದೇಶದ ಹಣವನ್ನು ಕುರಿತು 2010ರಲ್ಲಿ ಆದ ಕಾನೂನು 2020ರ ತಿದ್ದುಪಡಿಯಿಂದ ಮತ್ತಷ್ಟು ಬಿಗಿಯಾಯಿತು. ಒಂದು ಸಂಸ್ಥೆಗೆ ಬಂದುದನ್ನು ಅದು ಇನ್ನೊಂದಕ್ಕೆ ದಾಟಿಸುವಂತಿಲ್ಲ. ಹೆಂಚು ಸೋರಿದರೆ ಸೋರುವ ಹೆಂಚಿನ ಕೆಳಗೆ ಕುಳಿತವರೇ ಕೊಡಬೇಕು. ಇದು ಕೆಟ್ಟದ್ದೆಂದು ಹೇಳಲಾಗದು. ದೂರದವರ ಹಣದಲ್ಲಿ ಎದ್ದ ಗೋಡೆಗೆ ಊರವರು ನೆಂಟರಾಗಿರುತ್ತಾರೆ, ತಮ್ಮ ಹಣದಲ್ಲಿ ಎದ್ದ ಗೋಡೆಗೆ ಯಜಮಾನರಾಗುತ್ತಾರೆ. ಯಜಮಾನನಾದವನು ಪ್ರಶ್ನೆ ಕೇಳುತ್ತಾನೆ.

ಕೊಡುವುದರಲ್ಲಿ ವಿನೋದವೂ ಉಂಟು. ಪ್ರಾಟೆಸ್ಟಂಟರ ದೇವಾಲಯಗಳಲ್ಲಿ ನಡೆಯುವ ಸುಗ್ಗಿಯ ಹಬ್ಬದ ಹರಾಜನ್ನು ನೋಡದವರು ನೋಡಬೇಕು. ಸಂತೆಯಲ್ಲಿ ಅರ್ಧ ರೂಪಾಯಿಗಾಗಿ ಚೌಕಾಸಿ ಮಾಡುವ ಗೃಹಸ್ಥರು ಅಲ್ಲಿ ಒಂದು ಕುಂಬಳಕಾಯಿಗೆ ಅದರ ಹತ್ತರಷ್ಟು ಬೆಲೆ ಕೂಗುತ್ತಾರೆ. ಕೊಂಡದ್ದನ್ನು ಮತ್ತೆ ಹರಾಜಿಗೇ ಬಿಟ್ಟುಕೊಡುವುದೂ ಉಂಟು. ಒಂದೇ ಕುಂಬಳಕಾಯಿಯು ಹೀಗೆ ನಾಲ್ಕು ಮನೆಗಳ ಹಣ ತಿಂದು, ಕೊನೆಗೆ ಯಾರ ಸಾರಿಗೋ ಸೇರುತ್ತದೆ. ಕೆಥೋಲಿಕರಲ್ಲಿ ಸೆಪ್ಟೆಂಬರ್ 8ರ ಮೊಂತಿ ಹಬ್ಬದಂದು ಮಕ್ಕಳು ಮಾತೆ ಮರಿಯಳಿಗೆ ಹೂವು ಅರ್ಪಿಸುವುದೂ, ಹೊಸ ತೆನೆಯನ್ನು ಹರಸಿ ಮನೆಮನೆಗೆ ಹಂಚುವುದೂ ಇದೇ ಭಾವದ ಮೃದುವಾದ ರೂಪಗಳು.

ಇನ್ನು ಅಷ್ಟು ಮೃದುವಲ್ಲದ ಸಂಗತಿಗಳು. ವಂತಿಗೆ ಕೊಟ್ಟವರ ಹೆಸರನ್ನು ಮೊತ್ತದೊಡನೆ ಓದುವ, ಇಲ್ಲವೆ ಹಲಗೆಯ ಮೇಲೆ ಬರೆದು ತೂಗಹಾಕುವ ಪದ್ಧತಿಯುಂಟು. ಇದರಿಂದ ಹಣ ಹೆಚ್ಚು ಕೂಡುವುದೆಂದು ಬಲ್ಲವರು ಹೇಳುತ್ತಾರೆ, ಇರಬಹುದು. ಆದರೆ ಪಟ್ಟಿಯ ಕೊನೆಯ ಹೆಸರಿನವಳು ಅದನ್ನು ಓದುವಾಗ ತಲೆಯ ಮೇಲಿನ ಸೆರಗನ್ನು ಮುಂದಕ್ಕೆ ಎಳೆದುಕೊಳ್ಳುವುದನ್ನು ಲೆಕ್ಕದ ಯಾವ ಅಂಕಣದಲ್ಲಿಯೂ ಬರೆಯುವುದಿಲ್ಲ. ಎರಡು ಬಿಡಿಕಾಸು ಹಾಕಿದ ವಿಧವೆಯ ಪ್ರಸಂಗವನ್ನು ಇಂಥ ಸಮಯದಲ್ಲಿ ಪ್ರಬೋಧಕರು ಎತ್ತಿಕೊಳ್ಳುವುದು ಸಾಮಾನ್ಯ. ಮಾರ್ಕನ ಸುವಾರ್ತೆಯಲ್ಲಿ ಅದಕ್ಕೆ ತೀರ ಮುಂಚೆಯೇ ಏಸುಸ್ವಾಮಿಯು ವಿಧವೆಯರ ಮನೆಗಳನ್ನು ನುಂಗುವ ಶಾಸ್ತ್ರಿಗಳನ್ನು ಖಂಡಿಸಿದ್ದಾನೆ. ಆ ಮಾತಿಗೆ ಅಷ್ಟು ಪ್ರಬೋಧನೆಗಳು ದೊರೆತಂತೆ ಕಾಣುವುದಿಲ್ಲ. ಸಂಹಿತೆಯಂತೂ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಬಡತನದ ಕಾರಣದಿಂದ ಯಾರಿಗೂ ಸಂಸ್ಕಾರಗಳು ತಪ್ಪಬಾರದೆಂದು 848ನೆಯ ವಿಧಿ. ಒಂದು ಉದ್ದೇಶಕ್ಕೆಂದು ಕೊಟ್ಟುದನ್ನು ಆ ಉದ್ದೇಶಕ್ಕೇ ವಿನಿಯೋಗಿಸಬೇಕೆಂದು 1267ನೆಯದು. ಜನರು ಅರ್ಪಿಸಿದ ಸ್ವತ್ತಿನ ಲೆಕ್ಕವನ್ನು ಜನರಿಗೇ ಒಪ್ಪಿಸಬೇಕೆಂದು 1287ನೆಯದು. ಪ್ರತಿ ಧರ್ಮಕೇಂದ್ರದಲ್ಲಿಯೂ ಹಣಕಾಸಿನ ಸಮಿತಿಯಿರಬೇಕೆಂಬುದೂ ಅದರಲ್ಲಿದೆ. ವರ್ಷಕ್ಕೊಮ್ಮೆ ಜಮಾಖರ್ಚನ್ನು ಪೂಜೆಯಾದಮೇಲೆ ಗಟ್ಟಿಯಾಗಿ ಓದಿ ಹೇಳುವ ಕಡೆ ವಂತಿಗೆಗೆ ತೊಡಕಿರುವುದಿಲ್ಲ. ಕೊಟ್ಟವರ ಹೆಸರಿಗಿಂತ ಖರ್ಚಾದ ಬಗೆಯನ್ನು ಹಲಗೆಯ ಮೇಲೆ ಬರೆದರೆ ಸಾಕು.

ಇಷ್ಟೆಲ್ಲ ಕೊಟ್ಟು ಕಟ್ಟಿದ್ದು ನಿಲ್ಲುವುದೆಂಬ ಭರವಸೆಯಾದರೂ ಉಂಟೆ? ಜಾವಳಿಯ ನೀರೇ ಇದಕ್ಕೆ ಸಾಕ್ಷಿ. ಹೇಮಾವತಿಯು ಹಾಸನದ ಸೀಮೆಗೆ ಇಳಿದಮೇಲೆ ಶೆಟ್ಟಿಹಳ್ಳಿಯೆಂಬಲ್ಲಿ ಫ್ರೆಂಚ್ ಪಾದ್ರಿಗಳು 1860ರ ಸುಮಾರಿಗೆ ಕಟ್ಟಿದ ಜಪಮಾಲೆಯ ಮಾತೆಯ ದೊಡ್ಡ ಇಗರ್ಜಿಯಿದೆ. ಗೊರೂರಿನ ಅಣೆಕಟ್ಟು 1979ರಲ್ಲಿ ಮುಗಿದು, ಹಿನ್ನೀರು ಊರನ್ನು ಆವರಿಸಿತು. ಜನರು ಬೇರೆಡೆಗೆ ಹೋಗಿ ನೆಲೆಸಿದರು. ಈಗ ಮಳೆ ತುಂಬಿದಾಗ ಆ ಕಟ್ಟಡವು ಅರ್ಧದವರೆಗೆ ಮುಳುಗಿ, ಬೇಸಗೆಯಲ್ಲಿ ಬರಿಯ ಕಮಾನುಗಳೊಡನೆ ಹೊರಬರುತ್ತದೆ. ಪ್ರವಾಸಿಗಳು ಅದರ ಚೆಲುವನ್ನು ಕೊಂಡಾಡುತ್ತಾರೆ. ಅದಕ್ಕೆ ಒಂದು ಕಾಲದಲ್ಲಿ ಎಣ್ಣೆಗೂ ಬತ್ತಿಗೂ ಕೊಟ್ಟವರ ಮಕ್ಕಳು ಹೋದ ಕಡೆಯಲ್ಲಿ ಮತ್ತೆ ಕೊಡಬೇಕಾಯಿತು.

ನೀರಿನ ಇನ್ನೊಂದು ಪೆಟ್ಟು 2019ರ ಆಗಸ್ಟಿನಲ್ಲಿ ಮೂಡಿಗೆರೆಯ ಮೇಲೆಯೇ ಬಿತ್ತು. ಚಾರ್ಮಾಡಿ ಘಾಟಿಯ ರಸ್ತೆ ಕುಸಿಯಿತು. ಮಲೆಮನೆ, ಮಧುಗುಂಡಿಯ ಕಡೆ ಗುಡ್ಡವು ಜರಿದು ಮನೆಗಳನ್ನೂ ತೋಟಗಳನ್ನೂ ಕೊಂಡೊಯ್ದಿತು. ಅಂಥ ದಿನಗಳಲ್ಲಿ ಅಕ್ಕಿಯ ಚೀಲಕ್ಕೆ ಜಾತಿ ಮತ ಕೇಳುವವರಿಲ್ಲ. ಆದರೆ ಗುರಿಕಾರನ ಪುಸ್ತಕಕ್ಕೆ ಅದರದೇ ಒಂದು ಕೆಲಸವಿದೆ: ಯಾವ ಮನೆಯಲ್ಲಿ ಎಷ್ಟು ಮಂದಿ, ಯಾರು ಹಾಸಿಗೆ ಹಿಡಿದವರು, ಯಾರ ಮಗಳು ಹೆರಿಗೆಗೆ ಬಂದಿದ್ದಾಳೆ ಎಂಬುದೆಲ್ಲ, ವರ್ಷವರ್ಷವೂ ವಂತಿಗೆಗೆಂದು ಮೆಟ್ಟಲು ಹತ್ತಿದವನಿಗೆ ತಿಳಿದಿರುತ್ತದೆ. ಅಂದಿನವರೆಗೆ ಒಳಕ್ಕೆ ಹಣ ತಂದ ದಾರಿಯಲ್ಲಿಯೇ ಅಂದು ಹೊರಕ್ಕೆ ಹಣ ಹೋಗಬೇಕು. ಮನೆ ಕಳೆದುಕೊಂಡವರ ಹೆಸರಿನ ಮುಂದೆ ಅವನು ಆ ವರ್ಷ ಮೊತ್ತ ಬರೆಯುವುದಿಲ್ಲ, ಹೆಸರನ್ನು ಹೊಡೆದು ಹಾಕುವುದೂ ಇಲ್ಲ. ಮುಂದಿನ ಕೊಯ್ಲಿನ ಹೊತ್ತಿಗೆ ಅವರು ಬಾಡಿಗೆಗೆ ಹಿಡಿದ ಮನೆಯನ್ನು ಕೇಳಿಕೊಂಡು ಹೋಗಿ, ಜಗಲಿಯಲ್ಲಿ ಕೊಡೆ ಒರಗಿಸಿ ಕೂರುತ್ತಾನೆ. ಪುಸ್ತಕವನ್ನು ಜೇಬಿನಿಂದ ತೆಗೆಯುವುದಿಲ್ಲ. ಎದ್ದು ಹೊರಡುವ ಹೊತ್ತಿಗೆ ಮನೆಯಾಕೆಯೇ ಒಳಗಿನಿಂದ ಹತ್ತು ರೂಪಾಯಿಯ ನೋಟೊಂದನ್ನು ತಂದು, ಈ ವರ್ಷದ್ದು ಬರೆದುಕೊಳ್ಳಿ ಎನ್ನುತ್ತಾಳೆ.