ಪರದೆಯ ಮೂಲೆಯ ಅಂಕಿ

ಕಲ್ಕತ್ತೆಯ ಜೋಕಾದಲ್ಲಿ, ಟ್ರಾಮ್ ಡಿಪೋಗೆ ಸ್ವಲ್ಪ ಮೊದಲು, ಡೈಮಂಡ್ ಹಾರ್ಬರ್ ರಸ್ತೆಯ ಅಂಚಿನಲ್ಲಿದ್ದ ಆ ಮಹಡಿ ಮನೆಯನ್ನು ಕೆಡವಿದರಂತೆ. ಹಳೆಯ ಸಹೋದ್ಯೋಗಿಯೊಬ್ಬರು ಫೋನ್ ಮಾಡಿ ಹೇಳಿದರು. ಮೇಲಿನ ಎರಡು ಕೋಣೆ ನಮ್ಮವು. ಶಿವಮೊಗ್ಗದಿಂದ ಹೋದ ನಾನು ಪ್ರೋಗ್ರಾಂ ಬರೆಯುವುದನ್ನು ಕಲಿತದ್ದು ಅಲ್ಲೇ.

ಹತ್ತಿರದಲ್ಲೇ ಐಐಎಂ ಕ್ಯಾಂಪಸ್ಸು, ಅದರ ಕೆರೆಗಳು. ನಗರದ ಇನ್ನೊಂದು ತುದಿಯ ಬರಾನಗರದಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ. ಮಹಲನೋಬಿಸರು ಕಟ್ಟಿದ ಆ ಸಂಸ್ಥೆಗೆ ದೇಶದ ಮೊದಲ ಡಿಜಿಟಲ್ ಕಂಪ್ಯೂಟರ್, ಎಚ್‌ಇಸಿ-2ಎಂ, ಬಂದು ನೆಲೆಗೊಂಡದ್ದು 1956ರಲ್ಲಿ. ಅದರ ಡ್ರಮ್ ಮೆಮೊರಿಯಲ್ಲಿ ಹಿಡಿಸುತ್ತಿದ್ದುದು 1024 ಪದಗಳು. ನಮ್ಮ ಕೋಣೆಗಳಿಗೆ ಅಂಥ ಇತಿಹಾಸವೇನೂ ಇರಲಿಲ್ಲ. ಬೇಹಾಲಾ, ಠಾಕೂರ್‌ಪುಕುರದ ಸಗಟು ವ್ಯಾಪಾರಿಗಳಿಗೆ ಬಿಲ್ಲಿನ, ದಾಸ್ತಾನಿನ ಪ್ರೋಗ್ರಾಂ ಬರೆದುಕೊಟ್ಟು ಹೊಟ್ಟೆ ಹೊರೆಯುತ್ತಿದ್ದೆವು. ಕರೆಂಟು ಹೋದರೆ ಕೆಳಗಿನ ಸೀಮೆಎಣ್ಣೆ ಜನರೇಟರಿನ ಹೊಗೆ ಮೆಟ್ಟಿಲೇರಿ ಬರುತ್ತಿತ್ತು. ಸಂಜೆಯ ಮಂಡಕ್ಕಿಗೆ ಕಲಸಿದ ಹಸಿ ಸಾಸಿವೆ ಎಣ್ಣೆಯ ಘಾಟು, ಆ ಹೊಗೆ, ಪ್ರಿಂಟರಿನ ರಿಬ್ಬನ್ನಿನ ಮಸಿ, ಈ ಮೂರೂ ಸೇರಿದ ವಾಸನೆ ನನಗೆ ಮತ್ತೆಲ್ಲೂ ಸಿಕ್ಕಿಲ್ಲ.

ನಮ್ಮ ಗುರು ದಾದಾ. ಎಲ್ಲರೂ ಹಾಗೇ ಕರೆಯುತ್ತಿದ್ದೆವು. ಅವರು ಬರೆದ ಯಾವ ಪ್ರೋಗ್ರಾಂ ತೆರೆದರೂ ಪರದೆಯ ಬಲಮೂಲೆಯಲ್ಲಿ ಒಂದು ಅಂಕಿ ಇರುತ್ತಿತ್ತು. ಟರ್ಬೊ ಸಿ-ಯ ಕೋರ್‌ಲೆಫ್ಟ್ ಫಂಕ್ಷನ್ ಕೊಡುತ್ತಿದ್ದ, ಉಳಿದಿರುವ ಮೆಮೊರಿಯ ಲೆಕ್ಕ ಅದು. ಬಿಲ್ ಮಾಡಲು ಹೊರಟಾಗ ಇದ್ದ ಅಂಕಿಯೇ ಕೆಲಸ ಮುಗಿಸಿ ಮೆನುವಿಗೆ ಮರಳಿದಾಗಲೂ ಇರಬೇಕು. ಒಂದೇ ಒಂದು ಬೈಟ್ ಕಡಿಮೆಯಾದರೂ ದಾದಾ ಅದನ್ನು ಗಿರಾಕಿಗೆ ಕೊಡುತ್ತಿರಲಿಲ್ಲ. ಲೆಕ್ಕ ಹಾಕುವುದಕ್ಕೂ ಯಂತ್ರದ ಸಮಯ ಬೇಕು. ಅದಕ್ಕೇ ಲೂಪಿನ ಒಳಗೆ ಅಳೆಯಬಾರದು, ಮೆನುವಿಗೆ ಬಂದಾಗ ಮಾತ್ರ ಅಳೆಯಬೇಕು ಎಂಬುದು ಅವರ ಕಟ್ಟಳೆ.

ಅವರ ಒಂದು ಚೌಕಾಸಿ ಚೆನ್ನಾಗಿ ನೆನಪಿದೆ. ಔಷಧಿಯ ಸಗಟು ವ್ಯಾಪಾರಿಯೊಬ್ಬರ ಯಂತ್ರ ದಿನಾ ಮಧ್ಯಾಹ್ನದ ಹೊತ್ತಿಗೆ ಮೆಮೊರಿ ಸಾಲದೆಂದು ನಿಂತುಬಿಡುತ್ತಿತ್ತು. ಪ್ರೋಗ್ರಾಂ ಬೇರೆಯವರು ಬರೆದದ್ದು. ವ್ಯಾಪಾರಿ ನಗರದ ಚಾಂದನಿ ಚೌಕದಿಂದ ಹೊಸ ಮೆಮೊರಿ ತರಿಸಲು ಹಣ ಎತ್ತಿಟ್ಟಿದ್ದರು. ಡಾಸ್‌ನಲ್ಲಿ ಸಾಮಾನ್ಯ ಪ್ರೋಗ್ರಾಂಗೆ ದಕ್ಕುವುದು 640 ಕೆಬಿಯ ಒಳಗಿನ ಜಾಗವಷ್ಟೇ, ಅದರ ಮೇಲೆ ಎಷ್ಟು ತಂದು ಹಾಕಿದರೂ ಈ ಪ್ರೋಗ್ರಾಂ ಅದನ್ನು ಮುಟ್ಟುವುದಿಲ್ಲ ಎಂದು ದಾದಾ ಬಿಡಿಸಿ ಹೇಳಿದರು. "ಆ ಹಣದ ಅರ್ಧ ನನಗೆ ಕೊಡಿ, ಸೋರಿಕೆ ನಿಲ್ಲಿಸುತ್ತೇನೆ. ನಿಲ್ಲದಿದ್ದರೆ ಒಂದು ಲೋಟ ಚಹಾ ಸಾಕು." ವ್ಯಾಪಾರಿ ಮೂರನೇ ಒಂದು ಪಾಲಿಗೆ ಇಳಿಸಿದರು. ದಾದಾ ಒಪ್ಪಿ, ಮೊದಲು ಆ ಪ್ರೋಗ್ರಾಂನ ಮೂಲೆಯಲ್ಲೂ ತಮ್ಮ ಅಂಕಿ ಕೂರಿಸಿದರು. ಗುಮಾಸ್ತರು ಎಂದಿನಂತೆ ಕೆಲಸ ಮಾಡುತ್ತಿದ್ದರೆ ಇವರು ಪಕ್ಕದಲ್ಲಿ ಕೂತು ಅಂಕಿಯನ್ನೇ ನೋಡಿದರು. ಬಿಲ್ಲನ್ನು ಅರ್ಧಕ್ಕೇ ರದ್ದು ಮಾಡಿದಾಗಲೆಲ್ಲ ಅದು ಇಳಿಯುತ್ತಿತ್ತು. ರದ್ದಾದ ಬಿಲ್ಲಿನ ಸಾಲುಗಳಿಗೆ ಪಡೆದ ಜಾಗವನ್ನು ಯಾರೂ ಹಿಂದಿರುಗಿಸುತ್ತಿರಲಿಲ್ಲ. ಕೆಲವೇ ಸಾಲು ತಿದ್ದಿದ್ದಕ್ಕೆ ವ್ಯಾಪಾರಿ ಕೊನೆಗೆ ಅರ್ಧವನ್ನೇ ಕೊಟ್ಟರು.

ಪ್ರಾಸೆಸರಿನ ಲೆಕ್ಕಕ್ಕೆ ಬೇರೆ ದಾರಿ. ಡಾಸ್‌ನಲ್ಲಿ ಓಡುವುದು ಒಂದೇ ಪ್ರೋಗ್ರಾಂ, ಪೂರ್ತಿ ಪ್ರಾಸೆಸರ್ ಅದರದೇ. ಆದರೆ ಆ ಸಮಯ ಯಾವುದಕ್ಕೆ ಹೋಯಿತು? ಯಂತ್ರದ ಟೈಮರ್ ಸೆಕೆಂಡಿಗೆ 18.2 ಸಲ ಪ್ರಾಸೆಸರನ್ನು ತಡೆದು ನಿಲ್ಲಿಸುತ್ತದೆ. ಹಾಗೆ ನಿಂತಾಗಲೆಲ್ಲ ಕೆಲಸ ಯಾವ ಫಂಕ್ಷನ್ನಿನಲ್ಲಿತ್ತು ಎಂದು ಗುರುತು ಹಾಕಿಕೊಳ್ಳುವ ತುಣುಕೊಂದನ್ನು ದಾದಾ ಅಸೆಂಬ್ಲಿಯಲ್ಲಿ ಬರೆದಿಟ್ಟಿದ್ದರು. ವರದಿ ನಿಧಾನವಾದರೆ ನಾವೆಲ್ಲ ಸಾರ್ಟಿಂಗನ್ನು ಬೈಯುತ್ತಿದ್ದೆವು. ಆದರೆ ಗುರುತುಗಳು ಬಿದ್ದಿರುತ್ತಿದ್ದುದು ಪರದೆ ಬರೆಯುವ ಭಾಗದಲ್ಲಿ.

ಆ ಕಾಲದ ಅಂಕಿಗಳೆಲ್ಲ ಸತ್ಯ ಹೇಳುತ್ತಿದ್ದವು ಎಂದರೆ ತಪ್ಪಾಗುತ್ತದೆ. ಕೋರ್‌ಲೆಫ್ಟ್ ಎಣಿಸುತ್ತಿದ್ದುದು ಕೊನೆಯ ತುಂಡಿನಿಂದಾಚೆಗಿನ ಖಾಲಿಯನ್ನು ಮಾತ್ರ. ನಡುವೆ ಬಿಟ್ಟುಕೊಟ್ಟ ಜಾಗ ಅದರ ಕಣ್ಣಿಗೆ ಬೀಳುತ್ತಿರಲಿಲ್ಲ. ಟರ್ಬೊ ಪ್ಯಾಸ್ಕಲ್ ವಾಸಿ: ಮೆಮ್‌ಅವೇಲ್ ಒಟ್ಟು ಖಾಲಿಯನ್ನು, ಮ್ಯಾಕ್ಸ್‌ಅವೇಲ್ ಅತಿ ದೊಡ್ಡ ಒಂದು ತುಂಡನ್ನು ಹೇಳುತ್ತಿದ್ದವು. ಎರಡರ ಅಂತರ ನೋಡಿದರೆ ಮೆಮೊರಿ ಎಷ್ಟು ಚೂರಾಗಿದೆ ಎಂದು ತಿಳಿಯುತ್ತಿತ್ತು. ಯುನಿಕ್ಸ್‌ಗೆ ಬಂದಮೇಲೆ, ಪ್ರಾಸೆಸರ್ ಸಮಯ ಅಳೆಯುವ ಕ್ಲಾಕ್ ಫಂಕ್ಷನ್ನಿನ ಎಣಿಕೆ 32 ಬಿಟ್ಟಿನಲ್ಲಿ ಸುಮಾರು 36 ನಿಮಿಷಕ್ಕೇ ತುಂಬಿ ಹೋಗುತ್ತಿತ್ತು; ಎಡೆಬಿಡದೆ ಓಡಿದ ಲೆಕ್ಕ ಋಣ ಸಮಯ ತೋರಿಸಿದ್ದೂ ಉಂಟು. 1983ರ 4.2 ಬಿಎಸ್‌ಡಿ ಯುನಿಕ್ಸ್ ಜೊತೆ ಬಂದ, ಬಳಕೆಯ ಲೆಕ್ಕ ಕೊಡುವ ಗೆಟ್‌ಆರ್‌ಯೂಸೇಜ್‌ನಲ್ಲಿ ಗರಿಷ್ಠ ಮೆಮೊರಿಗೆಂದೇ ಒಂದು ಕಾಲಂ ಇತ್ತು. ಲಿನಕ್ಸ್ ಅದನ್ನು ನಿಜವಾಗಿ ತುಂಬತೊಡಗಿದ್ದು 2009ರ 2.6.32 ಆವೃತ್ತಿಯಿಂದ.

ಉಪಕರಣಗಳ ಮಾತಿಗೆ ಬಂದರೆ ಇಂದಿನವರೇ ಭಾಗ್ಯವಂತರು. ಲಿನಕ್ಸ್‌ನಲ್ಲಿ ಪ್ರೋಗ್ರಾಂ ತನ್ನದೇ ಸ್ಟೇಟಸ್ ಫೈಲ್ ತೆರೆದು ಈಗ ಎಷ್ಟು ಮೆಮೊರಿ ಹಿಡಿದಿದೆ, ಅತಿ ಹೆಚ್ಚು ಎಂದರೆ ಎಷ್ಟು ಹಿಡಿದಿತ್ತು, ಎರಡನ್ನೂ ಓದಿಕೊಳ್ಳಬಹುದು. 2014ರಿಂದ ಪೈಥಾನ್ ಜೊತೆಗೇ ಬರುವ ಟ್ರೇಸ್‌ಮ್ಯಾಲಕ್ ಯಾವ ಸಾಲು ಎಷ್ಟು ಪಡೆಯಿತೆಂದು ಬೆರಳಿಟ್ಟು ತೋರಿಸುತ್ತದೆ. ದಾದಾ ಕಂಡಿದ್ದರೆ ಕುಣಿದಾಡುತ್ತಿದ್ದರು. ಇಂದು ಕಳೆದುಹೋಗಿರುವುದು ಅಂಕಿಯನ್ನು ನೋಡುವ ಅಭ್ಯಾಸ ಮಾತ್ರ.

ಬೆಂಗಳೂರಿನಲ್ಲಿ ಕೆಲಸಕ್ಕಿರುವ ತಮ್ಮನ ಮಗ ಈಚೆಗೆ ಕೇಳಿದ: "ದೊಡ್ಡಪ್ಪ, ನಮ್ಮ ಜಾವಾ ಸರ್ವಿಸ್ 137 ಅಂತ ಹೇಳಿ ಸಾಯ್ತಾನೇ ಇರುತ್ತೆ. ಮೆಮೊರಿ ಡಬಲ್ ಮಾಡು ಅಂತಾರೆ ಎಲ್ಲ. ಸಾಕಾ?" ಅವರದು ಹಳೆಯ ಜಾವಾ. ಕಂಟೇನರ್ ಒಳಗಿದ್ದರೂ ತನಗೆ ಹಾಕಿದ ಮಿತಿ ಅದಕ್ಕೆ ಕಾಣದು. ಇಡೀ ಯಂತ್ರದ ಮೆಮೊರಿಯೇ ತನ್ನದೆಂದು ಬಗೆದು ಅದರ ಕಾಲು ಭಾಗದವರೆಗೂ ಹೀಪ್ ಬೆಳೆಸಲು ಹೊರಡುತ್ತದೆ. ಮಿತಿ ಮೀರಿದೊಡನೆ ಕರ್ನಲ್ ಅದನ್ನು ಕೊಲ್ಲುತ್ತದೆ; ಆ 137 ಅದರದೇ ಗುರುತು. 2018ರ ಜಾವಾ 10ರಿಂದ ಇದು ಸರಿಹೋಗಿದೆ. ನಿಮ್ಮ ಸರ್ವಿಸ್ ತನ್ನ ಬಳಕೆಯನ್ನು ಎಲ್ಲಾದರೂ ಬರೆದಿಡುತ್ತದೆಯೇ ಎಂದು ಕೇಳಿದೆ. ಇಲ್ಲವಂತೆ. ಅಷ್ಟು ಜನ ಇಂಜಿನಿಯರುಗಳಿರುವ ತಂಡದಲ್ಲಿ ಯಾರಿಗೂ ಅದು ಹೊಳೆದಿರಲಿಲ್ಲ! ತಿಂಗಳ ಬಾಡಿಗೆಗೆ ಮೆಮೊರಿ ಸಿಗುವ ಕಾಲದಲ್ಲಿ ಸೋರುವ ಕೊಡದ ಬದಲು ದೊಡ್ಡ ಕೊಡ ತರುವುದೇ ಜಾಣತನ ಎನಿಸಿಕೊಂಡಿದೆ. ನನಗೆ ಅದು ಸೋಮಾರಿತನ. ಅದರ ಬೆಲೆಯನ್ನು ವಿದ್ಯುತ್ತಿನಲ್ಲೂ ಹಣದಲ್ಲೂ ಬೇರೆ ಯಾರೋ ತೆರುತ್ತಾರೆ.

ಟರ್ಬೊ ಪ್ಯಾಸ್ಕಲ್ ಹಾದಿಯಲ್ಲೇ ಬಂದ ಫ್ರೀ ಪ್ಯಾಸ್ಕಲ್‌ನವರು ಕೂಡ 2005ರ 2.0 ಆವೃತ್ತಿಯಲ್ಲಿ ಮೆಮ್‌ಅವೇಲ್, ಮ್ಯಾಕ್ಸ್‌ಅವೇಲ್ ಎರಡನ್ನೂ ತೆಗೆದುಹಾಕಿದರು. ಹತ್ತಾರು ಪ್ರೋಗ್ರಾಂ ಒಟ್ಟಿಗೆ ಓಡುವಲ್ಲಿ 'ಉಳಿದ ಮೆಮೊರಿ' ಮರುಕ್ಷಣವೇ ಬದಲಾಗುತ್ತದೆ, ಅದನ್ನು ನಂಬಿ ಏನೂ ಮಾಡಲಾಗದು ಎಂಬುದು ವಾದ. ಆ ವಾದ ನ್ಯಾಯವಾದದ್ದೇ. ಆದರೆ ಎಷ್ಟು ಉಳಿದಿದೆ ಎಂಬುದಕ್ಕೆ ಅರ್ಥ ಹೋಯಿತೆಂದು, ನಾನೆಷ್ಟು ಬಳಸಿದೆ ಎಂಬುದಕ್ಕೂ ಅರ್ಥ ಹೋಯಿತೇ?

ಪ್ರೋಗ್ರಾಂ ಬರೆಯುವ ಹುಡುಗ ಹುಡುಗಿಯರಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಪ್ರೋಗ್ರಾಂ ಒಂದು ಕೆಲಸ ಮುಗಿಸಿದಾಗಲೆಲ್ಲ ತಾನು ಹಿಡಿದ ಮೆಮೊರಿ, ತಿಂದ ಪ್ರಾಸೆಸರ್ ಸಮಯ ಎರಡನ್ನೂ ಲಾಗ್‌ನಲ್ಲಿ ಒಂದು ಸಾಲು ಬರೆಯಲಿ. ವಾರಕ್ಕೊಮ್ಮೆ ಅದನ್ನು ನೀವೇ ಕೂತು ಓದಿ.